ಹಿಂದಿನ ಸೀಟಿಗೊಂದು ಬ್ರೇಕು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗಿನಿಂದ ಮಂಜು ಅಂಗಡಿಯೊಳಕ್ಕೆ ಇಣುಕುತ್ತಿದೆ. ಕೊಕ್ಕೆಗೆ ನೇತುಹಾಕಿದ ಉದ್ದನೆಯ ಸೈಕಲ್ಲಿನ ಹಿಂದಿನ ಚಕ್ರ ಮೆಲ್ಲಗೆ ತಿರುಗುತ್ತಿದೆ. ಬಲ್ಬಿನ ಬೆಳಕಿಗೆ ಕಡ್ಡಿಗಳ ನೆರಳು ಗೋಡೆಯ ಮೇಲೆ ಹರಿದಾಡುತ್ತಿದೆ. ಪಕ್ಕದಲ್ಲಿ ಕಣ್ಣು ಮುಚ್ಚಿ, ಕಿವಿಗೊಟ್ಟು ಕೂತಿರುವವರು ಬ್ರೇಕಕ್ಕ. ಇವರ ಕೆಲಸ ನೋಡಿ ಬರೆಯಲು ಬಂದ ನನಗೋ ಚಕ್ರದ ಸದ್ದಿಗೆ ತೂಕಡಿಕೆ ಬರುತ್ತಿದೆ. "ಎಡಗಡೆ ಬ್ರೇಕ್ ರಬ್ಬರ್ ರಿಮ್ಮಿಗೆ ಒಂದು ಕೂದಲಷ್ಟು ತಾಗ್ತಿದೆ" ಎನ್ನುತ್ತಾ ಅವರು ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ಲುಗಳು ಈ ಊರಲ್ಲಿರುವುದು ಏಳೇ ಏಳು. ಏಳೂ ಬರುವುದು ಈ ಹತ್ತಡಿ ಅಂಗಡಿಗೇ. ಇಪ್ಪತ್ತಾರು ವರ್ಷದಿಂದ ಬ್ರೇಕ್ ಕೆಲಸ ಮಾಡಿ ಮಾಡಿ ಇವರ ನಿಜವಾದ ಹೆಸರು ಜನರಿಗೆ ಮರೆತೇ ಹೋಗಿದೆ. ಪಂಕ್ಚರ್ ಗಂಡನ ಪಾಲು. "ಊರಿಗೆಲ್ಲ ಬ್ರೇಕ್ ಹಾಕ್ತಾಳೆ, ಅವಳ ಬಾಯಿಗೆ ಮಾತ್ರ ಇಲ್ಲ" ಎಂದು ಅವರು ಮೂಲೆಯಿಂದ ಕಿಚಾಯಿಸುತ್ತಾರೆ. "ನೀವು ಸುಮ್ನೆ ಗಾಳಿ ಹೊಡೀರಿ" ಎಂದು ಇವರ ಉತ್ತರ.

ನೇತಾಡುತ್ತಿರುವ ಸೈಕಲ್ಲು ಒಬ್ಬ ಪೋಸ್ಟ್‌ಮ್ಯಾನ್ ಮತ್ತು ಅವನ ತಂಗಿಯದು. ತಂಗಿಗೆ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಕಳೆದ ವರ್ಷ ಗುಡ್ಡದ ಇಳಿಜಾರಿನಲ್ಲಿ ಟ್ಯೂಬ್ ಸಿಡಿದು ಇಬ್ಬರೂ ಬಿದ್ದರು. ಅವಳ ಭುಜದ ಮೂಳೆ ಮುರಿಯಿತು. ಹನ್ನೊಂದು ತಿಂಗಳಿಂದ ಅವಳು ಸೈಕಲ್ ಹತ್ತಿಲ್ಲ.

"ತಪ್ಪು ನಂದೇ" ಎನ್ನುತ್ತಾರೆ ಬ್ರೇಕಕ್ಕ. "ಬೇಗ ಸವೆಯಬಾರದು ಅಂತ ಗಟ್ಟಿ ರಬ್ಬರ್ ಹಾಕಿದ್ದೆ. ಅದಕ್ಕೆ ಹಿಡಿತ ಕಮ್ಮಿ. ಇಬ್ಬರ ಭಾರ ಬೇರೆ. ಪಾಪ, ಅವನು ಇಳಿಜಾರು ಪೂರ್ತಿ ಬ್ರೇಕ್ ಒತ್ತಿ ಹಿಡಿದೇ ಇದ್ದ. ರಿಮ್ಮು ಕಾದು ಹೆಂಚಾಗಿತ್ತು, ಆ ಕಾವಿಗೇ ಟ್ಯೂಬ್ ಸಿಡೀತು."

ಈ ಸಲ ಮೆತ್ತನೆ ರಬ್ಬರ್ ಬಂದಿದೆ. ಎರಡು ತಿಂಗಳಿಗೆ ಸವೆದರೂ ಸರಿಯೇ. ವಾರಕ್ಕೊಮ್ಮೆ ರಿಮ್ ಒರೆಸಿ, ರಬ್ಬರಿಗೆ ಅಂಟಿದ ಲೋಹದ ಚೂರುಗಳನ್ನು ಸೂಜಿಯಿಂದ ಕೀಳಬೇಕು. ಆದರೆ ತಂಗಿ ಕೇಳಿದ್ದೇ ಬೇರೆ. "ಹಿಂದೆ ಸುಮ್ಮನೆ ಕೂತು ಬೀಳೋಕೆ ನನ್ನಿಂದಾಗಲ್ಲ ಅಕ್ಕ, ನನ್ನ ಕೈಗೂ ಏನಾದ್ರೂ ಕೊಡಿ" ಎಂದಳಂತೆ. ಅಣ್ಣ ನಕ್ಕುಬಿಟ್ಟ. ಬ್ರೇಕಕ್ಕ ನಗಲಿಲ್ಲ. ಮುಂದಿನ ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಓಡುತ್ತಿದ್ದ ಉದ್ದದ ತಂತಿ ಎಳೆದೆಳೆದು ಸಡಿಲವಾಗುತ್ತಿತ್ತು. ಅದನ್ನು ತೆಗೆದು, ಗಿಡ್ಡ ತಂತಿ ಹಾಕಿ, ಹಿಂದಿನ ಚಕ್ರದ ಬ್ರೇಕನ್ನು ತಂಗಿಯ ಕೈಗೇ ಕೊಟ್ಟರು. ಅಣ್ಣನಿಗೆ ಉಳಿದದ್ದು ಮುಂದಿನದು ಮಾತ್ರ.

"ಕಣ್ಣು ಕಾಣದವಳ ಕೈಗೆ ಬ್ರೇಕಾ ಅಂತ ಜಗಳಕ್ಕೇ ಬಂದ. ಬ್ರೇಕ್ ಒತ್ತೋಕೆ ಕೈ ಸಾಕಲ್ವೇನಪ್ಪಾ ಅಂದೆ."

ಇವತ್ತೇ ಪರೀಕ್ಷೆ. ಅಷ್ಟರಲ್ಲಿ ಬಂದ ಅಣ್ಣ ತಂಗಿ ಸೈಕಲ್ ಇಳಿಸಿ, ತಳ್ಳಿಕೊಂಡು ಗುಡ್ಡ ಹತ್ತುತ್ತಾರೆ. ಬ್ರೇಕಕ್ಕ ಬೀದಿಯಲ್ಲಿ ನಿಂತಿದ್ದಾರೆ. "ಇವತ್ತೂ ಹೆಚ್ಚುಕಮ್ಮಿ ಆದ್ರೆ ಇನ್ನು ಸ್ಪ್ಯಾನರ್ ಮುಟ್ಟಲ್ಲ" ಎನ್ನುತ್ತಾರೆ. ಗಂಡ ಕೂಡ ಪಂಪ್ ಬಿಟ್ಟು ಹೊರಗೆ ಬಂದಿದ್ದಾರೆ.

ಮಂಜಿನೊಳಗಿಂದ ಮೊದಲು ಬೆಲ್ಲು ಕೇಳಿಸುತ್ತದೆ, ಆಮೇಲೆ ಇಬ್ಬರೂ ತೇಲಿಬಂದಂತೆ ಬಂದು ಅಂಗಡಿಯ ಮುಂದೆ ನಿಲ್ಲುತ್ತಾರೆ. ಬ್ರೇಕಕ್ಕ ಯಾರ ಮುಖವನ್ನೂ ನೋಡದೆ ಬಗ್ಗಿ ಹಿಂದಿನ ರಿಮ್ಮಿಗೆ ಬೆರಳು ತಾಗಿಸುತ್ತಾರೆ. ಉಗುರುಬೆಚ್ಚಗಿದೆ, ಅಷ್ಟೇ.

"ಹೆಂಗೆ ಹಿಡಿದೆ ಕಣೇ?"

"ನೀವು ಹೇಳಿದ ಹಾಗೇ ಬಿಟ್ಟು ಬಿಟ್ಟು. ತಿರುವಿನ ಹತ್ರ ಸೈಕಲ್ ವಾಲಿದಾಗ ಮಾತ್ರ ಸ್ವಲ್ಪ ಜೋರಾಗಿ. ಅಣ್ಣ ಉಸಿರೇ ಬಿಡ್ತಿರಲಿಲ್ಲ, ಹೆದರಿದಾನೆ ಅಂತ ಗೊತ್ತಾಯ್ತು."

ಅಣ್ಣ ಬೆವರು ಒರೆಸಿಕೊಳ್ಳುತ್ತಾನೆ.

ಇನ್ನೇನಾದರೂ ಆಸೆ ಉಂಟೇ ಎಂದು ಬ್ರೇಕಕ್ಕನನ್ನು ಕೇಳುತ್ತೇನೆ. ಅವರು ಗುಡ್ಡದ ಕಡೆ ಕೈ ತೋರಿಸುತ್ತಾರೆ.

"ನಾನು ಆ ಇಳಿಜಾರು ಒಂದು ಸಲವೂ ಇಳಿದಿಲ್ಲ. ಬ್ರೇಕ್ ಹಾಕೋಳಿಗೆ ಏನೇನು ಕೈಕೊಡಬಹುದು ಅಂತ ಚೆನ್ನಾಗಿ ಗೊತ್ತಿರುತ್ತಲ್ಲ, ಧೈರ್ಯ ಸಾಲಲಿಲ್ಲ. ಈಗ ಹಿಂದೆ ಇವಳು ಕೂರೋದಾದ್ರೆ, ಇಳೀತೀನಿ."