ಹೆಣದ ಮೇಲಿನ ಕಂಬಳಿ

ಅಂದು ಹೊತ್ತು ಹುಟ್ಟುವಾಗ ನಾನು ದುಧನಿ ಸ್ಟೇಷನ್ನಿನ ಪೂರ್ವಕ್ಕೆ, ಹಳಿಯ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದೆ. ಎದುರಿನ ಜೋಳದ ಹೊಲದ ಬದುವಿನಲ್ಲಿ ಒಬ್ಬ ವ್ಯಾಪಾರಿಯ ಹೆಣ ಬಿದ್ದಿತ್ತು. ರಕ್ತ ಆಗಲೇ ಒಣಗಿ ಕಪ್ಪಾಗಿತ್ತು. ನಮ್ಮೂರ ಕುರಿಗಾರನೊಬ್ಬ ತನ್ನ ಹಿಂಡಿನೊಂದಿಗೆ ಅಲ್ಲಿಗೆ ಬಂದದ್ದು ಆಮೇಲೆ. ಹೆಣ ಕಂಡರೆ ಬರಿದೆ ಬಿಟ್ಟು ಹೋಗಬಾರದೆಂಬುದು ಅವನ ಮನೆತನದ ರೂಢಿ. ಹೆಗಲ ಮೇಲಿನ ಕಂಬಳಿ ಹೊದಿಸಿ, ತನ್ನ ದೇವರು ಬೀರೋಬನ ಭಂಡಾರದ ಅರಿಸಿನ ಚೆಲ್ಲಿ, ಕೈಮುಗಿದ.

ಆ ಕಂಬಳಿಯೇ ಸಾಕ್ಷಿಯೆಂದು ಪೊಲೀಸರು ಅವನನ್ನು ಹಿಡಿದರು. ಸೊಲ್ಲಾಪುರದ ಕೋರ್ಟಿನಲ್ಲಿ ಸರ್ಕಾರಿ ವಕೀಲ ನನ್ನನ್ನು, ಕಂಬಳಿ ಯಾರದೆಂದು ಕೇಳಿದ. ಅವನದೇ ಎಂದೆ. ಯಾವಾಗ ಹೊದಿಸಿದನೆಂದು ಹೇಳಹೊರಟರೆ, ಕೇಳಿದಷ್ಟೇ ಹೇಳು ಎಂದು ಮರಾಠಿಯಲ್ಲಿ ಗದರಿಸಿದ. ಕುರಿಗಾರನ ಪರ ವಕೀಲ ಏನೂ ಕೇಳಲಿಲ್ಲ. ಗಲ್ಲು ಶಿಕ್ಷೆಯಾಯಿತು.

ಊರ ದೊಡ್ಡವರು ಪೇಢೆ ಹಂಚಿದರು. "ಅಪೀಲು ಗಿಪೀಲು ಯಾಕ ಬೇಕ್ರಿ? ಲಗೂ ನೇತ ಹಾಕಿ ಮುಗಸ್ರಿ," ಎಂದ ಅಡತಿ ಅಂಗಡಿಯ ಸಾಹುಕಾರ, ಬಾಯ್ತುಂಬ ಪೇಢೆ ಇಟ್ಟುಕೊಂಡೇ.

ಅಪೀಲು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಸತ್ತವನ ಪಾಲುದಾರನೇ ಕೊಲೆ ಒಪ್ಪಿಕೊಂಡ. ಕುರಿಗಾರ ಹಲ್ಲುದುರಿ ಊರಿಗೆ ಬಂದ. ಅದೇ ಸಾಹುಕಾರ ಕರೆದ: "ಬಾ ಮಾಮಾ, ಚಹಾ ಕುಡಿ. ಆಗಿದ್ದು ಆತು, ಮನಸಿನ್ಯಾಗ ಇಟಗೋಬ್ಯಾಡ."

"ಚಹಾ ಬ್ಯಾಡ್ರಿ ಸಾವ್ಕಾರ. ನನ್ನ ಕಂಬಳಿ ಇನ್ನಾ ಕೋರ್ಟಿನ್ಯಾಗ ಐತಿ, ಅದನ್ನ ಕೊಡಸ್ರಿ."

ಆ ಚಹಾ ಇಳಿಯಲು ಅವನ ಕೊರಳು ಉಳಿದಿದ್ದರೆ, ಅದು ಈ ಪೇಢೆಯವರು ಬೈದ ವಿಳಂಬದಿಂದ. ಇವರ ಅವಸರ ನಡೆದಿದ್ದರೆ, ತಪ್ಪಾಯಿತೆಂದು ಹೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ಆ ಬೆಳಗ್ಗೆ ರಕ್ತ ಒಣಗಿದ ಮೇಲೆ ಕಂಬಳಿ ಹೊದಿಸಿದ್ದೆಂದು ಬಲ್ಲವರು ಇಬ್ಬರೇ: ನಾನು, ಮತ್ತು ಇನ್ನೂ ಬದುಕಿರುವ ಅವನು.