ಎರಡನೆಯ ಅಕ್ಷರ

ನಮ್ಮ ಮನೆಯಲ್ಲಿ ಮೊದಲು ಓದು ಕಲಿತವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದವರು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದ, ಅವ್ವ ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಇಬ್ಬರದೂ ಹೆಬ್ಬೆಟ್ಟು. ಕೆ.ಆರ್. ಪುರದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ನೀರಿನ ಡ್ರಮ್ಮಿನ ಮೇಲೆ ಪುಸ್ತಕ ಇಟ್ಟುಕೊಂಡು ನಾನು ಬಿ.ಎ. ಮುಗಿಸಿದೆ. ಈಗ ಶಿವಾಜಿನಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ದೊಡ್ಡ ದೊಡ್ಡವರು ಬರೆದದ್ದರಲ್ಲಿ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುವುದೇ ನನ್ನ ಕೆಲಸ.

ನಾನು ಹಿಡಿದ ಮೊದಲ ತಪ್ಪು ಪುಸ್ತಕದಲ್ಲಿರಲಿಲ್ಲ. ಅವ್ವನ ಎಡಗೈ ಮೇಲಿತ್ತು.

ಮದುವೆಯಾದ ಹೊಸತರಲ್ಲಿ ಅವಳ ಮುಂಗೈಗೆ ಊರಿನ ಹಚ್ಚೆಯವಳು ಅಪ್ಪನ ಹೆಸರು ಹಾಕಿದ್ದಳು. ನಾಲ್ಕಕ್ಷರದ ಹೆಸರು. ಗಂಡನ ಹೆಸರನ್ನು ಅವ್ವ ಬಾಯಲ್ಲಿ ಹೇಳುತ್ತಿರಲಿಲ್ಲ, ನಮ್ಮ ಕಡೆ ಹೆಂಗಸರು ಹೇಳುವುದಿಲ್ಲ. ಹೇಳಲೇಬೇಕಾದಾಗ ಕೈ ತೋರಿಸುತ್ತಿದ್ದಳು. ಮೂರನೇ ಕ್ಲಾಸಿನಲ್ಲಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಚ್ಚು ಹಿಡಿದಿದ್ದ ದಿನಗಳಲ್ಲಿ, ನಾನು ಅವಳ ಕೈಯನ್ನೂ ಓದಿದೆ. ಎರಡನೆಯ ಅಕ್ಷರ ‘ನ’ ಆಗಿರಬೇಕಿತ್ತು, ‘ಣ’ ಇತ್ತು. ಶಾಲೆಯ ಹಾಜರಿಯಲ್ಲಿ ಮೇಷ್ಟ್ರು ಅಪ್ಪನ ಹೆಸರನ್ನು ‘ನ’ ಹಾಕಿಯೇ ಬರೆದಿದ್ದರು. ಮೇಷ್ಟ್ರಿಗಿಂತ ಹಚ್ಚೆಯವಳು ದೊಡ್ಡವಳೇ?

“ಅವ್ವಾ, ನಿನ್ನ ಕೈ ತಪ್ಪು” ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದೆ.

ನಲ್ಲಿಯ ಮುಂದೆ ನಿಂತಿದ್ದ ಹೆಂಗಸರು ನಕ್ಕರು. ಅಪ್ಪನೂ ನಕ್ಕ. “ನೋಡು, ನಮ್ಮ ಕೂಸು ಹಚ್ಚ್ಯಾಗೂ ತಪ್ಪು ಹಿಡದಾಳ! ಇನ್ನ ನನಗೂ ಮಾರ್ಕ್ಸ್ ಹಾಕ್ತಾಳ ಬಿಡು” ಎಂದ. ಅವ್ವ ನಗಲಿಲ್ಲ. ಕೆಲಸಕ್ಕೆ ಹೋಗುವಾಗ ಅವಳು ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಡುತ್ತಿದ್ದಳು. ಅವತ್ತಿನಿಂದ ಮನೆಗೆ ಬಂದ ಮೇಲೂ ಆ ಅಂಗಿಯ ತೋಳನ್ನು ಮಡಚಲಿಲ್ಲ. ಹೆಸರು ಕೇಳಿದವರಿಗೆ ಕೈ ತೋರಿಸುವ ಬದಲು ನನ್ನನ್ನು ತೋರಿಸತೊಡಗಿದಳು: “ಆಕೀನ್ನ ಕೇಳ್ರಿ, ಆಕೀಗಿ ಬರ್ತದ.” ನನಗೆ ಅದು ಮರ್ಯಾದೆ ಅನ್ನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವಳು ಆ ಮಾತನ್ನು ತಾನೇ ಎತ್ತಿದಳು. ನಮ್ಮವರಲ್ಲಿ ಒಂದು ನಂಬಿಕೆ ಇದೆ: ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಬಳೆ ಒಡೆಯುತ್ತಾರೆ, ಕೊನೆಗೆ ಸಂಗಡ ಬರುವುದು ಹಚ್ಚೆ ಒಂದೇ. ಮೇಲೆ ಅದನ್ನು ನೋಡಿಯೇ ಯಾರ ಹೆಂಡತಿ ಎಂದು ಗುರುತು ಹಿಡಿಯುತ್ತಾರಂತೆ.

“ತಪ್ಪು ಹೆಸರ ಇಟ್ಕೊಂಡು ಹ್ಯಾಂಗ ಹೋಗ್ಲಿ? ಬ್ಯಾರೆ ಯಾವನ ಹೆಣ್ತಿ ಅಂತ ಆ ಕಡಿ ದಬ್ಬಿದ್ರ?” ಎಂದಳು ಒಂದು ದಿನ, ಜೋಳ ಆರಿಸುತ್ತಾ. ನಗುತ್ತಲೇ ಹೇಳಿದಳು. ಆದರೆ ಆಮೇಲೆ ಎರಡು ಸಲ, ಮೂರು ಸಲ ಹೇಳಿದಳು. ಆಗ ನಾನು ಅದನ್ನು ತಿದ್ದಿಸಿಕೊಡುತ್ತೇನೆ ಎಂದೆ.

ಇಂದಿರಾನಗರದಲ್ಲಿ ಒಂದು ಟ್ಯಾಟೂ ಅಂಗಡಿ ಹುಡುಕಿದೆ. ಅಲ್ಲಿ ಕೆಲಸ ಮಾಡುವವಳು ಹಲಸೂರಿನ ತಮಿಳು ಮನೆಯ ಹುಡುಗಿ. ಕನ್ನಡ ಸಲೀಸಾಗಿ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಫೋನಿನಲ್ಲೇ ಎಲ್ಲ ಹೇಳಿದಳು: “ಅಮ್ಮಂಗೆ ಹೊಟ್ಟೆ ತುಂಬ ತಿನ್ನಿಸ್ಕೊಂಡು ಬನ್ನಿ ಅಕ್ಕಾ. ನೀರು ಚೆನ್ನಾಗಿ ಕುಡೀಲಿ. ಶುಗರ್, ಬಿಪಿ ಏನೂ ಇಲ್ಲ ತಾನೆ? ವಯಸ್ಸಾದೋರ ಸ್ಕಿನ್ನು ತೆಳು, ನಿಧಾನಕ್ಕೆ ಮಾಡ್ತೀನಿ. ನೋವಾದ್ರೆ ನಿಲ್ಲಿಸ್ತೀನಿ.”

ಭಾನುವಾರ ಬೆಳಿಗ್ಗೆ ಅವ್ವನನ್ನು ಮೆಟ್ರೋ ಹತ್ತಿಸಿದೆ. ಇಂದಿರಾನಗರದಲ್ಲಿ ಇಳಿದು ಒಂದು ದರ್ಶಿನಿಯಲ್ಲಿ ನಾಲ್ಕು ಇಡ್ಲಿ ತಿನ್ನಿಸಿದೆ. ಅಂಗಡಿಯೊಳಗೆ ಎಸಿಯ ತಂಪು, ಗೋಡೆಯ ತುಂಬ ಹುಲಿ, ತಲೆಬುರುಡೆ. ಅವ್ವ ಒಂದು ತಲೆಬುರುಡೆಯನ್ನು ನೋಡಿ, “ಇದನ್ನ ಯಾರು ಹಾಕಿಸ್ಕೊಳ್ತಾರ? ಸತ್ತ ಮ್ಯಾಲ ಹೆಂಗೂ ಅದೇ ಉಳೀತದಲ್ಲ?” ಎಂದಳು. ಹುಡುಗಿ ಬಿದ್ದು ಬಿದ್ದು ನಕ್ಕಳು.

ಹಳೆಯ ಹೆಸರನ್ನು ಅಳಿಸಲು ಆಗುವುದಿಲ್ಲ. ಅದರ ಮೇಲೆ ಒತ್ತೊತ್ತಾಗಿ ಎಲೆಬಳ್ಳಿ ಬರೆದು ಮುಚ್ಚುವುದು, ಕೆಳಗೆ ಹೊಸದಾಗಿ ಹೆಸರು ಬರೆಯುವುದು ಎಂದು ಮಾತಾಗಿತ್ತು. ಹೆಸರಿನ ಅಕ್ಷರಗಳಿಗೆ ಮಾದರಿ ಬೇಕು ಎಂದಳು ಹುಡುಗಿ. ನಾನು ಮನೆಯಿಂದ ಹೊತ್ತು ತಂದಿದ್ದ ಡಿಗ್ರಿ ಸರ್ಟಿಫಿಕೇಟನ್ನು ಚೀಲದಿಂದ ತೆಗೆದೆ. ಅದರಲ್ಲಿ ತಂದೆಯ ಹೆಸರು ಎಂಬಲ್ಲಿ ಅಪ್ಪನ ಹೆಸರು ಅಚ್ಚಾಗಿದೆ, ‘ನ’ ಹಾಕಿ. “ಯೂನಿವರ್ಸಿಟಿಯವರು ಪ್ರಿಂಟ್ ಮಾಡಿರೋದು, ಇದರಲ್ಲಿ ತಪ್ಪಿರಲ್ಲ” ಎಂದೆ. ಅವಳು ಫೋಟೋ ತೆಗೆದುಕೊಂಡಳು. ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಹೇಳಿದೆ. ನಾನು ಕರಡು ತಿದ್ದುವವಳು ಎಂಬುದನ್ನೂ ಹೇಳಿದೆ, ಅವಳು ಕೇಳಿರಲಿಲ್ಲ.

ನೋವಿಗೆ ಅವಳ ಹತ್ತಿರ ಹಲವು ಉಪಾಯಗಳಿದ್ದವು. ಮೊದಲು ಮರಗಟ್ಟಿಸುವ ಮುಲಾಮು. ಅದನ್ನು ಹಚ್ಚಿ ಪ್ಲಾಸ್ಟಿಕ್ ಸುತ್ತಿ ಮುಕ್ಕಾಲು ಗಂಟೆ ಕಾಯಬೇಕು.

ಅವ್ವ ಕೈ ಹಿಂದೆಳೆದುಕೊಂಡಳು. “ಬ್ಯಾಡ. ನೋವಾಗ್ಲಿಕ್ಕಂದ್ರ ಅದು ಹಚ್ಚಿ ಹ್ಯಾಂಗ ಆಗ್ತದ? ಅಂಗಿ ಮ್ಯಾಲಿನ ಚಿತ್ರ ಆಗ್ತದ.”

“ಸರಿ ಮಾ, ಹಂಗಾದ್ರೆ ಇದನ್ನ ಹಿಡ್ಕೊಳಿ, ನೋವಾದಾಗ ಅಮುಕಿ” ಎಂದು ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟಳು. ಬಾಯಲ್ಲಿ ಇಟ್ಟುಕೊಳ್ಳಲು ಕಿತ್ತಳೆ ಪೆಪ್ಪರಮೆಂಟು. “ಸೂಜಿ ತಾಗಿದಾಗ ಉಸಿರು ಕಟ್ಬೇಡಿ. ಉದ್ದಕ್ಕೆ ಬಿಡಿ, ಊಫ್ ಅಂತ, ಬಿಸಿ ಟೀ ಆರಿಸ್ತೀರಲ್ಲ ಹಂಗೆ.”

“ಟೀ ಕೊಡೂದಿಲ್ಲ, ಆರಿಸೂದು ಮಾತ್ರ ಕಲಸ್ತಾಳ ನೋಡು ಈಕಿ” ಎಂದಳು ಅವ್ವ.

ಯಂತ್ರ ಗುಂಯ್‌ಗುಟ್ಟಿತು. ಮೊದಲ ಗೆರೆಗೆ ಅವ್ವನ ಕಾಲಿನ ಬೆರಳುಗಳು ಮಡಚಿಕೊಂಡವು. ಕೈ ಅಲುಗಲಿಲ್ಲ. ಊಫ್ ಎಂದು ಉಸಿರು ಬಿಟ್ಟಳು. ಹುಡುಗಿ ಹತ್ತು ಎಣಿಸುವಷ್ಟು ಹೊತ್ತು ಗೀಚುವಳು, ನಿಲ್ಲಿಸಿ ತಣ್ಣನೆಯ ಸೋಪು ನೀರಿನಲ್ಲಿ ಒರೆಸುವಳು, ಮತ್ತೆ ಶುರು. ಚೆಂಡು ಅಮುಕುತ್ತಿದ್ದ ಅವ್ವನ ಬಲಗೈಯ ಮಣಿಕಟ್ಟನ್ನು ನಾನು ಹಿಡಿದು ಕೂತಿದ್ದೆ. ಬೆವರುತ್ತಿದ್ದದ್ದು ನನ್ನ ಅಂಗೈ. ಅರ್ಧ ಗಂಟೆಯಲ್ಲಿ ಬಳ್ಳಿಯ ಅಂಚು ಮುಗಿಯಿತು. ಎಲೆಯೊಳಗೆ ಮಸಿ ತುಂಬುವುದು ಶುರುವಾಯಿತು. ಅದು ಗೆರೆಯಂತಲ್ಲ, ಉರಿದ ಜಾಗವನ್ನೇ ಮತ್ತೆ ಮತ್ತೆ ಉಜ್ಜಿದಂತೆ. ಮೊದಲ ಅಕ್ಷರ ಮುಚ್ಚಿಹೋಗುವ ಹೊತ್ತಿಗೆ ಚೆಂಡು ಅವ್ವನ ಕೈಯಿಂದ ಜಾರಿ ಉರುಳಿತ್ತು, ಪೆಪ್ಪರಮೆಂಟು ಕರಗಿತ್ತು, ಊಫ್ ಎನ್ನಲು ಅವಳಲ್ಲಿ ಉಸಿರಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

“ಮಾ, ಏನಾದ್ರೂ ಮಾತಾಡಿ ಮಾ. ಮಾತಾಡ್ತಾ ಇದ್ರೆ ನೋವು ಗೊತ್ತಾಗಲ್ಲ. ಮೊದ್ಲು ಈ ಹಚ್ಚೆ ಹಾಕಿಸ್ಕೊಂಡಾಗ ಏನ್ ಮಾಡಿದ್ರಿ?”

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಆಕಿ ಒಡಪ ಹೇಳಸ್ತಿದ್ಳು. ಒಡಪ ಹೇಳಿದ್ರ ಸೂಜಿ ಒತ್ತತಿದ್ಳು, ಬಾಯಿ ಮುಚ್ಚಿದ್ರ ‘ಹೇಳ ಗಂಡನ ಹೆಸರ, ಹೇಳ’ ಅಂತಿದ್ಳು.”

ಒಡಪು ಎಂದರೆ ನಮ್ಮ ಕಡೆ ಮದುವೆಗಳಲ್ಲಿ ಹೊಸ ಸೊಸೆಯರಿಂದ ಹೇಳಿಸುವ ಪ್ರಾಸದ ಮಾತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸದ ನಡುವೆ ಬಚ್ಚಿಟ್ಟು ಹೇಳಬಹುದು. ಅಪ್ಪ ಇದ್ದಾಗಲೂ ಅವ್ವನ ಬಾಯಲ್ಲಿ ನಾನು ಅದನ್ನು ಕೇಳಿರಲಿಲ್ಲ. ವಿಧವೆಯ ಬಾಯಿಂದ ಯಾರೂ ಒಡಪು ಕೇಳುವುದಿಲ್ಲ. ಅವ್ವ ಹೇಳಿದಳು:

“ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚೀನಿ, ಹತ್ತು ಮಂದ್ಯಾಗ” ಎಂದು, ಅಲ್ಲಿ ಅಪ್ಪನ ಹೆಸರು ಹೇಳಿ, “ಅವರನ್ನ ಮೆಚ್ಚೀನಿ.”

ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ. ಹೆಸರು ಬಂದಾಗಲೆಲ್ಲ ಅವಳ ಕಾಲಿನ ಬೆರಳುಗಳು ಸಡಿಲವಾಗುತ್ತಿದ್ದವು. ಯಂತ್ರದ ಸದ್ದಿಗೆ ಅವಳ ದನಿ ಹೊಂದಿಕೊಂಡಿತು. ನಾಚಿಕೆಯಿಂದ ಒಂದು ಸಲ ನಕ್ಕಳು ಕೂಡ.

ಹುಡುಗಿ ಯಂತ್ರ ನಿಲ್ಲಿಸಿದಳು. ನೋವಿನ ಬಿಡುವಿಗೆ ಇರಬೇಕು ಎಂದುಕೊಂಡೆ.

“ಅಕ್ಕಾ, ಒಂದ್ನಿಮಿಷ. ಅಮ್ಮ ಬೇರೆ ಹೇಳ್ತಾ ಇದಾರಲ್ಲ? ನೀವು ‘ನ’ ಅಂತ ಓದಿದ್ರಿ. ಅವರು ‘ಣ’ ಅಂತಾರೆ. ನಮ್ ತಮಿಳಲ್ಲೂ ಎರಡೂ ಬೇರೆ ಬೇರೆ, ಕಿವಿಗೆ ಗೊತ್ತಾಗತ್ತೆ. ಇನ್ನೂ ಎರಡನೇ ಲೆಟರ್ ಮುಚ್ಚಿಲ್ಲ. ಯಾವ್ದು ಸರಿ ಅಂತ ಹೇಳ್ಬಿಡಿ.”

ನಾನು ಅವ್ವನ ಕೈ ನೋಡಿದೆ. ಮೊದಲ ಅಕ್ಷರದ ಜಾಗದಲ್ಲಿ ಕಪ್ಪು ಎಲೆ. ಅದರ ಪಕ್ಕ ಆ ‘ಣ’, ಹಸಿರಾಗಿ, ಅಂಚು ಹರಡಿಕೊಂಡು, ಊದಿದ ಚರ್ಮದ ಮೇಲೆ ಎದ್ದು ಕೂತಿತ್ತು.

ನನ್ನ ಕಸುಬಿನಲ್ಲಿ ಒಂದು ಪಾಠವಿದೆ. ಬರೆಯುವವರು ತಪ್ಪಿದರೆ ಸುಲಭದ ಅಕ್ಷರದ ಕಡೆಗೆ ಜಾರುತ್ತಾರೆ, ಕಷ್ಟದ ಕಡೆಗಲ್ಲ. ಚರ್ಮದ ಮೇಲೆ ಸೂಜಿಯಲ್ಲಿ ‘ನ’ ಚುಚ್ಚುವುದು ಸುಲಭ. ‘ಣ’ದ ಹೊಟ್ಟೆಗಳನ್ನೆಲ್ಲ ಸುತ್ತಿ ಬರಬೇಕೆಂದರೆ ಅದಕ್ಕಿಂತ ಎಷ್ಟೋ ಹೆಚ್ಚು ಚುಚ್ಚಬೇಕು. ಆ ಹಚ್ಚೆಯವಳು ತಪ್ಪಿರಲಿಲ್ಲ. ಆಗಿನ್ನೂ ಹುಡುಗಿಯಾಗಿದ್ದ ಅವ್ವನ ಬಾಯಿಂದ ಹೆಸರನ್ನು ಮತ್ತೆ ಮತ್ತೆ ಹೇಳಿಸಿ, ಕೇಳಿಸಿಕೊಂಡು, ಕೇಳಿದ್ದನ್ನೇ ಚುಚ್ಚಿದ್ದಳು. ನಮ್ಮೂರಿನಲ್ಲಿ ಅಪ್ಪನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅಪ್ಪನೂ ತನ್ನ ಹೆಸರನ್ನು ಹಾಗೇ ಹೇಳುತ್ತಿದ್ದ, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ತಪ್ಪಿದ್ದು ಮೇಷ್ಟ್ರ ಹಾಜರಿ. ಅದು ಅಲ್ಲಿಂದ ಅಂಕಪಟ್ಟಿಗೆ, ಅಂಕಪಟ್ಟಿಯಿಂದ ಸರ್ಟಿಫಿಕೇಟಿಗೆ ಬಂದಿತ್ತು. ಇಷ್ಟೂ ನನಗೆ ಆ ಒಂದು ಕ್ಷಣದಲ್ಲಿ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

ಕರಡಿನಲ್ಲಿ ಸರಿಯಿದ್ದದ್ದನ್ನು ತಪ್ಪೆಂದು ಹೊಡೆದುಬಿಟ್ಟರೆ ಅದಕ್ಕೂ ದಾರಿಯಿದೆ. ಆ ಅಕ್ಷರದ ಕೆಳಗೆ ಚುಕ್ಕೆ ಇಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ಅಲ್ಲಿ ಬಾಯಿ ಬಿಟ್ಟು ಆ ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಅದು ಹಳ್ಳಿ ಉಚ್ಚಾರಣೆ” ಎಂದೆ. “ಓದು ಬರದೋರು ಹಾಗೆ ಹೇಳ್ತಾರೆ. ಬರೆಯೋದು ಸರ್ಟಿಫಿಕೇಟ್‌ನಲ್ಲಿ ಇರೋ ಹಾಗೇನೇ. ನೀನು ಮುಂದುವರಿಸು.”

“ಶೂರ್ ಅಕ್ಕಾ? ಆಮೇಲೆ ವಾಪಸ್ ಬರಲ್ಲ.”

“ನನ್ನ ಕೆಲಸಾನೇ ಅದು ಅಂತ ಹೇಳಿದ್ನಲ್ಲ?”

ಅವ್ವ ಕಣ್ಣು ತೆರೆದಿದ್ದಳು. ನನ್ನ ಮುಖವನ್ನೂ ಹುಡುಗಿಯ ಮುಖವನ್ನೂ ನೋಡಿದಳು. ಏನು ಕೇಳಿಸಿತೋ, ಎಷ್ಟು ತಿಳಿಯಿತೋ. “ಆಕಿ ಹೇಳ್ದಂಗ ಮಾಡವಾ, ಆಕೀಗಿ ಬರ್ತದ” ಎಂದು ಮತ್ತೆ ಕಣ್ಣು ಮುಚ್ಚಿದಳು. ಒಡಪು ನಿಂತುಹೋಯಿತು. ಹುಡುಗಿ ಎರಡು ಸಲ “ಹೇಳಿ ಮಾ, ಚೆನ್ನಾಗಿತ್ತು” ಎಂದಳು. ಅವ್ವ ತುಟಿ ಬಿಗಿ ಹಿಡಿದಳು. ಎರಡನೆಯ ಅಕ್ಷರದ ಮೇಲೆ ಮಸಿ ತುಂಬುವಾಗ ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು. ಇಡೀ ಬೆಳಿಗ್ಗೆ ಬರದಿದ್ದ ನೀರು ಕಣ್ಣ ಅಂಚಿನಿಂದ ಇಳಿದು ಕಿವಿಯ ಕಡೆ ಹೋಯಿತು. ಮಾತಾಡುತ್ತಿದ್ದರೆ ನೋವು ಗೊತ್ತಾಗುವುದಿಲ್ಲ ಎಂದಿದ್ದಳು ಹುಡುಗಿ. ಅವ್ವನ ಬಾಯಿಂದ ಮಾತು ಕಿತ್ತುಕೊಂಡವಳು ನಾನು.

ಹೊಸ ಹೆಸರು ಚೆನ್ನಾಗಿ ಬಂತು. ಅಚ್ಚಿನಂತೆ ದುಂಡಾಗಿ, ಸಾಲು ತಪ್ಪದೆ. ಹುಡುಗಿ ಅದರ ಮೇಲೆ ತೆಳುವಾಗಿ ಪ್ಲಾಸ್ಟಿಕ್ ಸುತ್ತಿ, ಎರಡು ವಾರ ಉಜ್ಜಬೇಡಿ, ಕೆರೀಬೇಡಿ, ಬಿಸಿಲಿಗೆ ಹಿಡೀಬೇಡಿ ಎಂದಳು. ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಅವ್ವನಿಗೆ ಮಾತ್ರ ಟೀ ತರಿಸಿಕೊಟ್ಟಳು.

ಹುಡುಗಿ ಹೇಳಿದ್ದನ್ನೆಲ್ಲ ಅವ್ವ ಪಾಲಿಸಿದಳು. ಗಾಯ ಒಣಗಿತು, ಹೊಟ್ಟು ಉದುರಿತು. ಈಗ ಮನೆಯಲ್ಲಿ ತೋಳು ಮಡಚಿಕೊಂಡೇ ಇರುತ್ತಾಳೆ. ಪಕ್ಕದ ಕೋಣೆಯ ನಮ್ಮೂರ ಕಡೆಯವಳಿಗೆ, “ಮಗಳು ಸರಿ ಮಾಡಿಸ್ಯಾಳ, ಸರ್ಟಿಫಿಕೇಟಿನ್ಯಾಗ ಇದ್ದಂಗ” ಎಂದು ತೋರಿಸುವುದನ್ನು ಕೇಳಿದ್ದೇನೆ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿದರೆ ಅವಳ ಕೈ ಮತ್ತೆ ಅಂಗಿಯೊಳಗೆ ಹೋಗುತ್ತದೆ ಎಂದು ನೆಪ ಹೇಳಿಕೊಂಡು ಮುಚ್ಚಿದ್ದೇನೆ. ಅದು ನೆಪ. ಅವಳೆದುರು ಚಿಕ್ಕವಳಾಗಲು ನನಗೆ ಇಷ್ಟವಿಲ್ಲ, ಅಷ್ಟೇ.

ಮೊನ್ನೆ ಸಂಜೆ ಕೆಲಸದಿಂದ ಬಂದಾಗ ಬಾಗಿಲು ಅರೆ ತೆರೆದಿತ್ತು. ಅವ್ವ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಒಬ್ಬಳೇ. ಏನೋ ಗೊಣಗುತ್ತಿದ್ದಳು. ಚಪ್ಪಲಿ ಬಿಡುವಾಗ ಕೇಳಿಸಿತು, ಅದು ಅಪ್ಪನ ಹೆಸರು. ಪ್ರಾಸವಿಲ್ಲ, ಒಡಪಿಲ್ಲ, ಬರೀ ಹೆಸರು. ಎರಡನೆಯ ಅಕ್ಷರಕ್ಕೆ ಬಂದಾಗ ನಾಲಿಗೆ ಅದರ ಪಾಡಿಗೆ ‘ಣ’ದ ಕಡೆ ಹೋಗುತ್ತಿತ್ತು. ಅವಳು ತಡೆದು ನಿಲ್ಲಿಸಿ, ಹಿಂದಕ್ಕೆ ಬಂದು, ‘ನ’ ಎಂದು ಒತ್ತಿ ಹೇಳುತ್ತಿದ್ದಳು.

ನನ್ನನ್ನು ಕಂಡು ನಾಚಿದಳು. “ಮ್ಯಾಲ ಕೇಳಿದ್ರ ಕೈಯಾಗೊಂದು, ಬಾಯಾಗೊಂದು ಆಗಬಾರ್ದಲ್ಲ” ಎಂದಳು. ಆಮೇಲೆ ಇನ್ನೊಮ್ಮೆ ಹೇಳಿದಳು, ನಿಧಾನವಾಗಿ. ಈ ಸಲ ತಪ್ಪಲಿಲ್ಲ.

“ಈಗ ಸರಿ ಆಯ್ತೇನವಾ?”

“ಹೂಂ” ಎಂದೆ. “ಸರಿ ಆಯ್ತು.”