ಅರ್ಧ ತೂರಿಸಿದ ಗುಂಡಿ

ವಿಶೇಷ ಮಕ್ಕಳ ಶಾಲೆಯ ಆಯಾಗೆ ವ್ಯಾನ್ ಡ್ರೈವರ್ ಇಟ್ಟ ಹೆಸರು ಎಕ್ಸ್‌ಪ್ರೆಸ್. ಸುಮ್ಮನೆ ಇಟ್ಟದ್ದಲ್ಲ. ಸಂಜೆ ಗಂಟೆ ಹೊಡೆದು ಅವನು ಗಾಡಿ ತಿರುಗಿಸಿಕೊಳ್ಳುವಷ್ಟರಲ್ಲಿ ಆಕೆ ಇಡೀ ತರಗತಿಯ ಮೂಗು ಒರೆಸಿ, ಶೂ ಹಾಕಿ, ಕೋಟಿನ ಗುಂಡಿ ಹಾಕಿ, ಮಕ್ಕಳನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದಳು. ಆ ಕೈಗಳಿಗೆ ಸುಮ್ಮನಿರುವುದು ಅಂದರೇನು ಅಂತಲೇ ಗೊತ್ತಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಅಷ್ಟು ಮಕ್ಕಳಲ್ಲಿ ಆಕೆಗೆ ಜೀವ ಅಂದರೆ ಒಬ್ಬ ಹುಡುಗಿ. ಬುದ್ಧಿಯ ಬೆಳವಣಿಗೆ ನಿಧಾನ, ಮಾತು ನಾಲ್ಕಾರು, ನಗು ಮಾತ್ರ ಧಾರಾಳ. ಕೋಟು ಹಿಡಿದು ಆಯಾ ಬಂದರೆ ಸಾಕು, ಕುತ್ತಿಗೆಯ ಗುಂಡಿ ಹಾಕಲು ಸಲೀಸಾಗಲಿ ಅಂತ ಗದ್ದ ಮೇಲೆತ್ತಿ ನಿಲ್ಲುವಳು. ಆ ಗದ್ದ ಕಂಡರೆ ಆಯಾಳ ಕರುಳು ಚುರ್ ಅನ್ನುತ್ತಿತ್ತು.

ಟೀಚರ್ ಹೇಳಿ ಹೇಳಿ ಸೋತಿದ್ದರು. "ಅಕ್ಕಾ, ಗುಂಡೀನ ಅರ್ಧ ತೂರಿಸಿ ಕೈ ತೆಗೀರಿ. ಉಳಿದರ್ಧ ಅವಳೇ ಎಳ್ಕೊಳ್ಲಿ. ಅದು ಬಂದ್ಮೇಲೆ ತೂರ್ಸೋದು ಕಲಿಸೋಣ. ಕೊನೇದನ್ನ ಮೊದಲು ಕಲಿಸ್ಬೇಕು, ಇಲ್ಲಿ ಹಾಗೇನೇ."

"ಆಗ್ಲಿ ಟೀಚರ್," ಅನ್ನುವಳು ಆಯಾ. ಟೀಚರ್ ಆ ಕಡೆ ತಿರುಗಿದ್ದೇ ತಡ, ಉಳಿದರ್ಧವನ್ನೂ ತಾನೇ ಎಳೆದುಬಿಡುವಳು. ಹೊರಗೆ ಹಾರನ್ ಬಡಿದುಕೊಳ್ಳುತ್ತಿದ್ದರೆ, ಕೂಸಿನ ಒದ್ದಾಟ ನೋಡುತ್ತಾ ನಿಲ್ಲುವುದಕ್ಕೆ ತಾನೇನು ಕಲ್ಲೇ?

ಒಮ್ಮೆ ಆಯಾ ಜ್ವರ ಬಂದು ಮಲಗಿದಳು. ವಾಪಸು ಬಂದಾಗ ಟೀಚರ್ ಮುಖ ಊರಗಲ. "ಬನ್ನಿ ಬನ್ನಿ, ಇವಳ್ನ ನೋಡಿ!" ಹುಡುಗಿ ನಾಲಗೆ ಕಚ್ಚಿಕೊಂಡು, ಅರ್ಧ ತೂರಿಸಿದ ಗುಂಡಿಯನ್ನು ಎಳೆದೇ ಎಳೆದಳು. ಬಂತು. ಆಯಾ ಚಪ್ಪಾಳೆಯೇನೋ ತಟ್ಟಿದಳು, ಆದರೆ ಒಳಗೊಳಗೇ ಯಾರೋ ತನ್ನದನ್ನು ಕಸಿದುಕೊಂಡಂತಾಯಿತು. ಅಂದು ಸಂಜೆಯಿಂದಲೇ ಗುಂಡಿಗಳೆಲ್ಲ ಮತ್ತೆ ಆಯಾಳ ಪಾಲಾದವು. ಹುಡುಗಿಯೂ ಮರೆತಳು.

ಹುಡುಗಿಗೆ ಹದಿನೆಂಟು ತುಂಬಿತು. ಇನ್ನು ಶಾಲೆಯಲ್ಲಿ ಇರುವ ಹಾಗಿಲ್ಲ. ಮೇಣದಬತ್ತಿ ಮಾಡುವ ತರಬೇತಿ ಕೇಂದ್ರದಲ್ಲಿ ಒಂದೇ ಜಾಗ ಖಾಲಿಯಿತ್ತು. ಸಿಕ್ಕರೆ ಹಗಲೆಲ್ಲ ಕೆಲಸ, ಜೊತೆಗಾರರು. ಇಲ್ಲದಿದ್ದರೆ ಮನೆಯ ನಾಲ್ಕು ಗೋಡೆ, ನೋಡಿಕೊಳ್ಳಲು ತಾಯಿಯೇ ನೌಕರಿ ಬಿಟ್ಟು ಕೂರಬೇಕು. ಆದರೆ ಕೇಂದ್ರದಲ್ಲಿ ಆಯಾ ಇಲ್ಲ, ತನ್ನ ಬಟ್ಟೆ ತಾನೇ ಹಾಕಿಕೊಳ್ಳಲು ಬರಲೇಬೇಕು. ಪರೀಕ್ಷಿಸಲು ಬಂದ ಮೇಲ್ವಿಚಾರಕಿ ಗುಂಡಿಯ ಮೇಲಂಗಿಯೊಂದನ್ನು ಕೊಟ್ಟು, "ಹಾಕ್ಕೋಮ್ಮಾ," ಅಂದರು. ಹುಡುಗಿ ತೋಳು ತೂರಿಸಿದಳು. ಆಮೇಲೆ ಅವರ ಮುಂದೆಯೇ ಗದ್ದ ಮೇಲೆತ್ತಿ, ನಗುತ್ತಾ ನಿಂತಳು. ನಿಂತೇ ಇದ್ದಳು. ಬಾಗಿಲ ಬಳಿ ಆಯಾಳ ಬೆರಳುಗಳು ಒದ್ದಾಡಿದವು. ಜಾಗ ಬೇರೆಯವರ ಮಗುವಿಗೆ ಹೋಯಿತು.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಆಯಾ ಬೈದು ಹಗುರಾಗಬಹುದಿತ್ತು. ತನ್ನ ಕೈಗೇ ಏನಂತ ಬೈಯುವುದು?

ಮಗಳ ಸಾಮಾನು ಒಯ್ಯಲು ತಾಯಿ ಬಂದ ದಿನ, ಶೂ ಕಪಾಟಿನ ಪಕ್ಕ ನಿಲ್ಲಿಸಿಕೊಂಡು ಆಯಾ ಎಲ್ಲ ಹೇಳಿದಳು. "ನಾನೇ ಕಣಮ್ಮಾ ಅವಳ ಬಾಳಿಗೆ ಕಲ್ಲು ಹಾಕಿದ್ದು. ಟೀಚರ್ ಬೇಡ ಬೇಡ ಅಂದ್ರು, ನಾನೇ ಕೇಳ್ಲಿಲ್ಲ."

ತಾಯಿ ಆಯಾಳ ಭುಜದ ಮೇಲೆ ಕೈಯಿಟ್ಟಳು. "ಅಯ್ಯೋ, ಬಿಡಿ ಅಕ್ಕಾ. ನೀವು ಏನ್ ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವಳಿಗೆಲ್ಲಿ ಬರ್ತಿತ್ತು? ನನ್ ಮಗಳು ನಂಗೊತ್ತಿಲ್ವಾ?"

ಹೌದು ಅಂದುಬಿಟ್ಟಿದ್ದರೆ ಆಯಾ ಬಚಾವು. ತಾಯಿಯೂ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮನೆಗೆ ಹೋಗುತ್ತಿದ್ದಳು. ಆದರೆ ಹಾಗಂದರೆ ಆ ಹುಡುಗಿಗೆ ಇನ್ನೊಂದು ಅನ್ಯಾಯ.

"ಬರ್ತಿತ್ತಮ್ಮಾ," ಅಂದಳು. "ಖಂಡಿತ ಬರ್ತಿತ್ತು."

ತಾಯಿ ಭುಜದ ಮೇಲಿಂದ ಕೈ ತೆಗೆದಳು.